ಅವ್ವನಿಗೆ ಹೊಗೆಬಂಡಿ ತೋರಿಸ್ಬೇಕು: ಊಟಿ ರೈಲು + ಆಲೆಪ್ಪಿ ಹೌಸ್‌ಬೋಟ್ ಪ್ಯಾಕೇಜ್ ತಗೊಂಡವರು ಇದ್ರೆ ಹೇಳಿ

ವಿದ್ಯಾನಗರದ ಟೀಚರ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮನೆಮಂದಿ ಒಂಬತ್ತು ಜನ ಪ್ರವಾಸ ಹೋಗ್ಬೇಕು ಅಂತ ಇದ್ದೀವಿ. ಅವ್ವಗೆ 74 ವರ್ಷ. ಅವಳ ತವರು ಚಿಕ್ಕಜಾಜೂರಿನ ಹತ್ತಿರದ ಹಳ್ಳಿ. ಮದುವೆಗೆ ಮುಂಚೆ ಜಾಜೂರಿನಿಂದ ದಾವಣಗೆರೆಗೆ ಹೊಗೆಬಂಡಿಯಲ್ಲಿ ಬರ್ತಿದ್ದಳಂತೆ. ಕಣ್ಣಿಗೆ ಕಿಡಿ ಬೀಳುತ್ತೆ ಅಂತ ಅಜ್ಜ ಸೆರಗು ಮುಚ್ಚಿಸ್ತಿದ್ದರು ಅನ್ನೋ ಕತೆ ನಾನು ಚಿಕ್ಕವಳಿದ್ದಾಗಿಂದ ಕೇಳಿದ್ದೀನಿ. ಹೋದ ವರ್ಷ ಮೊಣಕಾಲು ಆಪರೇಷನ್ ಆದಮೇಲೆ ಒಂದಿನ ಇದ್ದಕ್ಕಿದ್ದಂಗೆ "ಇನ್ನೊಂದ್ಸಲ ಆ ಗಾಡಿ ಕೂಗು ಕೇಳ್ಬೇಕು ಕಣೇ" ಅಂದಳು.

ಊರಿನ ಒಂದು ಟ್ರಾವೆಲ್ಸ್‌ನವರು ಆರು ದಿನದ ಪ್ಯಾಕೇಜ್ ಕೊಟ್ಟಿದ್ದಾರೆ. ಮೈಸೂರು, ಊಟಿ, ಅಲ್ಲಿಂದ ಆಲೆಪ್ಪಿ. ತಲೆಗೆ 24,500 ರೂಪಾಯಿ. ಹಾಳೆಯಲ್ಲಿ "ಊಟಿ ಟಾಯ್ ಟ್ರೈನ್ ಸವಾರಿ" ಮತ್ತು "ಹೌಸ್‌ಬೋಟ್ ಅನುಭವ" ಅಂತ ಇದೆ. ಮೇಲೆ ಹೊಗೆ ಉಗುಳೋ ಎಂಜಿನ್ ಚಿತ್ರ. ಅಡ್ವಾನ್ಸ್ ಕೊಟ್ರೆ ದಸರಾ ರಜೆಗೆ ಸೀಟು ಖಚಿತ ಅಂತಾರೆ. ಇಂಥ ಪ್ಯಾಕೇಜ್‌ನಲ್ಲಿ ಹೋಗಿ ಬಂದವರು ಇದ್ದೀರಾ?

ನಿಟ್ಟುವಳ್ಳಿಯವನು

ಮೇಡಂ, ಅಡ್ವಾನ್ಸ್ ಕೊಡೋದು ಒಂದೆರಡು ದಿನ ತಡೀರಿ. ನಾವು ಎರಡು ವರ್ಷದ ಹಿಂದೆ ಇಂಥದ್ದೇ ಚಿತ್ರ ನೋಡಿ ಹೋದ್ವಿ. ಕಂಪನಿ ಹೆಸರು ಬೇಡ, ನಿಮಗೆ ಕೊಟ್ಟವರೇ ಅಲ್ಲದಿರಬಹುದು.

ನಮ್ಮನ್ನ ಊಟಿಯಿಂದ ಕೂನೂರಿಗೆ ವ್ಯಾನಿನಲ್ಲಿ ಕರ್ಕೊಂಡು ಹೋಗಿ, ಅಲ್ಲಿಂದ ವಾಪಸ್ ಊಟಿಗೆ ರೈಲು ಹತ್ತಿಸಿದ್ರು. ಎಂಜಿನ್ ಡೀಸೆಲ್. ನನ್ನ ಮಗ "ಅಪ್ಪಾ, ಹೊಗೆ ಎಲ್ಲಿ?" ಅಂತ ಕೇಳ್ತಾನೇ ಇದ್ದ, ಒಂದು ಗಂಟೆ ಚಿಲ್ಲರೆಯಲ್ಲಿ ಊಟಿ ಬಂದೇಬಿಡ್ತು. ಮ್ಯಾನೇಜರ್‌ಗೆ ಫೋನ್ ಮಾಡಿದ್ರೆ "ಟಾಯ್ ಟ್ರೈನ್ ಅಂತ ಬರ್ದಿದ್ವಿ, ಕೂರ್ಸಿದ್ವಿ" ಅಂದ್ರು. ಸುಳ್ಳು ಅನ್ನೋ ಹಾಗೂ ಇಲ್ಲ, ಅದೇ ಹೊಟ್ಟೆ ಉರಿಯೋದು.

ಆಲೆಪ್ಪಿಯಲ್ಲೂ ಅಷ್ಟೇ. ಹೌಸ್‌ಬೋಟ್ ಅಂದ್ರೆ ಅದರಲ್ಲಿ ಮಲಗ್ತೀವಿ ಅಂದ್ಕೊಂಡಿದ್ವಿ. ಎರಡು ಗಂಟೆ ಸುತ್ತಿಸಿ ಇಳಿಸಿದ್ರು, ರಾತ್ರಿ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜು. ಬೋಟಿನಲ್ಲಿ ಲೈಫ್ ಜಾಕೆಟ್ ಕೇಳಿದ್ರೆ ಬೆಂಚಿನ ಕೆಳಗಿಂದ ಒಂದು ಕಟ್ಟು ಎಳೆದ್ರು. ಏಳೆಂಟು ಜಾಕೆಟ್ ಸೇರಿಸಿ ಹಗ್ಗ ಬಿಗಿದಿತ್ತು, ಗಂಟು ಬಿಚ್ಚೋಕೆ ಹುಡುಗನ ಕೈಲಿ ಆಗ್ಲಿಲ್ಲ. ನನ್ನ ಹೆಂಡ್ತಿ ಮಗನ್ನ ತೊಡೆ ಮೇಲಿಂದ ಇಳಿಸಲೇ ಇಲ್ಲ.

ಜಾಜೂರು ಜಂಕ್ಷನ್ (ನಿವೃತ್ತ ಗಾರ್ಡ್)

ಟೀಚರಮ್ಮ, ನಿಮ್ಮ ತಾಯಿಯವರ ಮಾತು ಓದಿ ಬರೀದೇ ಇರೋಕೆ ಆಗ್ಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಮಾರ್ಗ ಮೀಟರ್‌ಗೇಜ್, ಅಂದ್ರೆ ಎರಡು ಹಳಿ ನಡುವೆ ಒಂದೇ ಮೀಟರ್. ಬೆಂಗಳೂರು–ಹುಬ್ಬಳ್ಳಿ ಹಳಿ ಅಗಲ ಆಗಿದ್ದು 1990ರ ದಶಕದಲ್ಲಿ. ನೀಲಗಿರಿ ರೈಲು, ಅಂದ್ರೆ ನೀವು ಹೇಳೋ ಊಟಿ ಟಾಯ್ ಟ್ರೈನ್, ಇವತ್ತಿಗೂ ಮೀಟರ್‌ಗೇಜೇ. ಅಂದ್ರೆ ಅವರು ಹುಡುಗಿಯಾಗಿದ್ದಾಗ ಕೂತ ಗಾಡಿಯ ಅಗಲವೇ ಅಲ್ಲೂ ಸಿಗುತ್ತೆ.

ಈಗ ವಿಷಯಕ್ಕೆ ಬರ್ತೀನಿ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್. ಅದರಲ್ಲಿ ಮೆಟ್ಟುಪಾಳ್ಯ–ಕೂನೂರು 28 ಕಿ.ಮೀ., ಉಗಿ ಎಂಜಿನ್ ಓಡೋದು ಅಲ್ಲಿ. 1899ರಲ್ಲಿ ಮೊದಲು ಶುರುವಾಗಿದ್ದೂ ಆ ಭಾಗವೇ. ಕೂನೂರಿನಿಂದ ಊಟಿಗೆ ಹಳಿ ಬಂದಿದ್ದು 1908ರಲ್ಲಿ, ಅಲ್ಲಿ ಈಗ ಡೀಸೆಲ್. ಕಲ್ಲಾರ್ ದಾಟಿದ ಮೇಲೆ ಏರು ಎಷ್ಟು ಕಡಿದು ಅಂದ್ರೆ ಹನ್ನೆರಡು ಅಡಿ ಮುಂದೆ ಹೋದ್ರೆ ಒಂದು ಅಡಿ ಮೇಲೆ. ಬರೀ ಚಕ್ರ ಜಾರುತ್ತೆ. ಅದಕ್ಕೆ ಎರಡು ಹಳಿ ನಡುವೆ ಗರಗಸದಂಥ ಹಲ್ಲಿನ ಪಟ್ಟಿ ಹಾಕಿದ್ದಾರೆ. ಎಂಜಿನ್ ಹೊಟ್ಟೆಯ ಕೆಳಗಿರೋ ಹಲ್ಲುಚಕ್ರ ಅದನ್ನ ಕಚ್ಚಿಕೊಂಡು ಹತ್ತುತ್ತೆ. ಹತ್ತುವಾಗ ಎಂಜಿನ್ ಮುಂದೆ ಇರಲ್ಲ, ಹಿಂದಿನಿಂದ ತಳ್ಳುತ್ತೆ. ಗಾಡಿ ಹಿಂದಕ್ಕೆ ಜಾರಿದ್ರೂ ಕೆಳಗೆ ಎಂಜಿನ್ ಆತುಕೊಂಡಿರಬೇಕು ಅನ್ನೋ ಲೆಕ್ಕ. ಪ್ರತಿ ಬೋಗಿಗೂ ಒಬ್ಬ ಬ್ರೇಕ್‌ಮನ್ ನಿಂತಿರ್ತಾನೆ. ಗಾರ್ಡ್ ಕೆಲಸ ಮಾಡಿದವನಾಗಿ ಹೇಳ್ತೀನಿ, ಆ ಹುಡುಗರ ಕೈಯಲ್ಲಿರೋ ಹಸಿರು ಬಾವುಟಕ್ಕೆ ನಾನು ಕೈ ಮುಗಿದೆ.

ನಿಟ್ಟುವಳ್ಳಿ ತಮ್ಮನಿಗೆ ಹಾಗೆ ಯಾಕಾಯ್ತು ಅಂತ ಕೇಳಿ. ಮೈಸೂರು, ಗೂಡಲೂರು ದಾರಿಯಲ್ಲಿ ಹೋದ್ರೆ ನೀವು ಮುಟ್ಟೋದು ಬೆಟ್ಟದ ತಲೆಯನ್ನ. ರೈಲು ಹೊರಡೋದು ಬುಡದಿಂದ, ಬೆಳಿಗ್ಗೆ 7ರ ಸುಮಾರಿಗೆ. ಅದನ್ನ ಹಿಡೀಬೇಕಾದ್ರೆ ಹಿಂದಿನ ರಾತ್ರಿಯೇ ಮೆಟ್ಟುಪಾಳ್ಯದಲ್ಲಿ ಮಲಗಿರಬೇಕು. ಕಂಪನಿಗೆ ಒಂದು ರಾತ್ರಿ ರೂಮಿನ ಖರ್ಚು, ವ್ಯಾನ್ ಬೇರೆ ದಾರಿ. ಅದಕ್ಕೆ ಮೇಲಿನ ತುಂಡು ಮಾತ್ರ ತೋರಿಸಿ ಮುಗಿಸ್ತಾರೆ.

ಇನ್ನೊಂದು. ದಸರಾ, ದೀಪಾವಳಿ ನಮಗೆ ರಜೆ, ಆದ್ರೆ ನೀಲಗಿರಿಯಲ್ಲಿ ಅದು ಹಿಂಗಾರು ಮಳೆ ಕಾಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಳಿ ಮೇಲೆ ಮಣ್ಣು, ಬಂಡೆ ಬಿದ್ದು ಕೂನೂರು ಕೆಳಗಿನ ಗಾಡಿ ರದ್ದಾಗೋದು ಹೊಸದಲ್ಲ. ಸಂಕ್ರಾಂತಿ ಕಳೆದ ಮೇಲೆ ಹೋಗಿ.

ಅಡ್ವಾನ್ಸ್ ವಿಚಾರಕ್ಕೆ ಒಂದು ಮಾತು. 2024ರ ನವೆಂಬರ್‌ನಿಂದ ರೈಲ್ವೆ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಜನವರಿ 23ಕ್ಕೆ ಸೀಟು ಬೇಕಂದ್ರೆ ನವೆಂಬರ್ 24ರ ಬೆಳಿಗ್ಗೆ 8ಕ್ಕೆ ಕಿಟಕಿ ತೆರೆಯೋದು. ಅದಕ್ಕಿಂತ ಮುಂಚೆ ಬಿಡಿ ಟಿಕೆಟ್ "ಖಚಿತ" ಅಂತ ಹೇಳೋರ ಹತ್ತಿರ ಪಿಎನ್‌ಆರ್ ಕೇಳಿ. ಇರೋಕೆ ಸಾಧ್ಯವೇ ಇಲ್ಲ. ಒಂದು ಪಿಎನ್‌ಆರ್‌ಗೆ ಆರೇ ಜನ, ನೀವು ಒಂಬತ್ತು, ಹಾಗಾಗಿ ಎರಡು ನಂಬರ್ ಇರಬೇಕು. ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ.

ಕೋಟೆ ಬುಡದ ಮನೆ (ಚಿತ್ರದುರ್ಗ)

ಕೇಳ್ತೀನಿ ಅಂತ ಬೇಜಾರಾಗ್ಬೇಡಿ ಅಕ್ಕ. ರೈಲು ಸರ್ಕಾರದ್ದು, ಮೊದಲ ದರ್ಜೆ ಟಿಕೆಟ್ಟೇ ಸಾವಿರದ ಒಳಗೆ ಬರುತ್ತೆ. ಆಲೆಪ್ಪಿಯಿಂದ ಕೋಟ್ಟಯಂಗೆ ಕೇರಳ ಸರ್ಕಾರದ ಜಲಸಾರಿಗೆ ಬೋಟೇ ಐತೆ, ಎರಡೂವರೆ ಗಂಟೆ ಹಿನ್ನೀರಲ್ಲಿ ಹೋಗುತ್ತೆ, ಬಸ್ ಟಿಕೆಟ್‌ನಷ್ಟು ದುಡ್ಡು. ಸ್ಕೂಲು ಹುಡುಗರು, ಮೀನು ಬುಟ್ಟಿ, ಎಲ್ಲ ಅದರಲ್ಲೇ. ನಾನೂ ನನ್ನ ಗೆಳತಿಯೂ ಹೋಗಿದ್ವಿ. ನಾವು ನೋಡಿದ ಕೇರಳ ಯಾವ ಪ್ಯಾಕೇಜ್‌ನಲ್ಲೂ ಇರಲ್ಲ. ಕಂಪನಿ ಯಾಕೆ ಬೇಕು?

ವಿದ್ಯಾನಗರದ ಟೀಚರ್

ಬೇಜಾರೇನಿಲ್ಲಮ್ಮ. ನಾವಿಬ್ಬರೇ ಆಗಿದ್ರೆ ನಾನೂ ಹಾಗೇ ಹೋಗ್ತಿದ್ದೆ. ಅವ್ವ ಮೆಟ್ಟಿಲು ಹತ್ತೋಕೆ ಇಬ್ಬರ ಆಸರೆ ಬೇಕು. ಮಾವನವರಿಗೆ ಸಕ್ಕರೆ ಕಾಯಿಲೆ, ಊಟ ಹೊತ್ತಿಗೆ ಸರಿಯಾಗಿ ಆಗ್ಬೇಕು. ನಮ್ಮದು ಪೂರ್ತಿ ಸಸ್ಯಾಹಾರ, ಅವ್ವ ಲಿಂಗಪೂಜೆ ಆಗದೇ ಬಾಯಿಗೆ ನೀರೂ ಹಾಕಲ್ಲ. ಚೀಲ ಎತ್ತೋರು, ಮಲಯಾಳಂ ಮಾತಾಡೋರು, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ರೆ ಎತ್ತೋರು ಒಬ್ಬರು ಬೇಕು. ಆ ಒಬ್ಬರಿಗೆ ದುಡ್ಡು ಕೊಡೋಕೆ ನನಗೆ ಬೇಸರ ಇಲ್ಲ. ತೋರಿಸ್ತೀನಿ ಅಂದದ್ದನ್ನೇ ತೋರಿಸ್ಲಿ ಅಂತಷ್ಟೇ ನಾನು ಕೇಳೋದು.

ಮಲೇಬೆನ್ನೂರು ಗದ್ದೆ

ಅಕ್ಕಾರ, ಹೌಸ್‌ಬೋಟ್ ವಿಚಾರ ನಾನು ಹೇಳ್ತೀನ್ರಿ. ನಾವು ರೈತರು ಎಂಟು ಮಂದಿ ಹೋಗಿದ್ವಿ, ಒಂದು ರಾತ್ರಿ ಅದರಾಗೇ ಇದ್ವಿ.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹತ್ತಿಸ್ಕೊಂತಾರ, ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕ ಇಳಿಸ್ತಾರ. ಇಪ್ಪತ್ತೊಂದು ತಾಸು ಅಂದ್ರೂ ಬೋಟ್ ಅಷ್ಟೊತ್ತೂ ಓಡಂಗಿಲ್ರಿ. ಸಂಜಿ ಐದೂವರೆ ಆರಕ್ಕ ದಡಕ್ಕ ಕಟ್ತಾರ, ಆಮ್ಯಾಲೆ ಮೀನುಗಾರರು ಬಲಿ ಹಾಕೋ ಹೊತ್ತು. ಅದು ನ್ಯಾಯ ಐತ್ರಿ, ಅವರ ಹೊಟ್ಟಿಪಾಡು. ಹಂಗಾಗಿ ನೀವು ಆಲೆಪ್ಪಿ ಮುಟ್ಟೋದು ಮೂರು ಗಂಟೆ ಆದ್ರ ಬೋಟಿನ ಅರ್ಧ ದುಡ್ಡು ನೀರಾಗ ಹೋದಂಗ. ಊಟಿಯಿಂದ ಅವತ್ತೇ ಬೆಳಿಗ್ಗೆ ಹೊರಟು ಅವತ್ತೇ ಬೋಟ್ ಅಂತ ಪ್ಯಾಕೇಜ್‌ನಾಗ ಇದ್ರ ಒಪ್ಪಬ್ಯಾಡ್ರಿ. ನಡುವೆ ಒಂದು ರಾತ್ರಿ ಇಡಿಸ್ರಿ. ಎಸಿ ರಾತ್ರಿ ಮಾತ್ರ ಹಾಕ್ತಾರ ಸುಮಾರು ಬೋಟ್‌ನಾಗ, ಅದನ್ನೂ ಮೊದಲೇ ಕೇಳ್ರಿ.

ನನಗ ಅಲ್ಲಿ ಕಣ್ಣು ತೆರೆಸಿದ್ದು ಬ್ಯಾರೇ ಐತಿ. ಕುಟ್ಟನಾಡಿನ ಗದ್ದಿ ಸಮುದ್ರ ಮಟ್ಟಕ್ಕಿಂತ ಕೆಳಗ ಐತ್ರಿ. ನಾವು ಬೋಟಿನಾಗ ಕುಂತು ನೋಡಿದ್ರ ಗದ್ದಿ ನಮ್ಮ ಕಾಲ ಕೆಳಗ! ನಡುವೆ ಒಂದು ಬದು, ಈ ಕಡೆ ಹೊಳಿ, ಆ ಕಡೆ ತಗ್ಗಿನಾಗ ಭತ್ತ. ನಾವು ಭದ್ರಾ ನಾಲೆ ಕೊನೆಭಾಗದೋರು, ನೀರು ಬಂತಾ ಬಂತಾ ಅಂತ ರಾತ್ರಿ ಬ್ಯಾಟರಿ ಹಿಡಿದು ನಾಲೆ ಕಾಯೋ ಮಂದಿ. ಅಲ್ಲಿ ಗದ್ದಿ ಒಳಗಿನ ನೀರು ಹೊರಗ ಹಾಕಾಕ ಮೋಟಾರ್ ಹಚ್ಯಾರ. ನಮ್ಮ ಜೊತಿ ಬಂದಿದ್ದ ಹಿರಿಯರೊಬ್ರು ಅರ್ಧ ತಾಸು ಮಾತೇ ಆಡ್ಲಿಲ್ಲ, ಆ ಮೋಟಾರೇ ನೋಡ್ಕೊಂತ ಕುಂತ್ರು.

ಬೋಟ್ ಕಟ್ಟೋ ಕೆಲಸಾನೂ ಕೇಳಿ ತಿಳ್ಕೊಳ್ರಿ. ಅದಕ್ಕ ಕೆಟ್ಟುವಳ್ಳಂ ಅಂತಾರ, ಹಲಗಿ ಹಲಗಿ ಸೇರಿಸಿ ತೆಂಗಿನ ನಾರಿನ ಹಗ್ಗದಾಗ ಹೊಲಿಯೋದು. ಮೊದಲು ಅಕ್ಕಿ ಸಾಗಿಸೋ ದೋಣಿ ಅವು. ಅಕ್ಕಿ ಲೆಕ್ಕದಾಗ ನಮಗೂ ಅವಕ್ಕೂ ನಂಟು ಐತ್ರಿ.

ಹಿರಿಯೂರಿನ ವಕೀಲೆ

ನಿಟ್ಟುವಳ್ಳಿಯವರ ಜಾಕೆಟ್ ಕಟ್ಟಿನ ಮಾತು ಯಾರೂ ಹಗುರ ಮಾಡ್ಕೋಬೇಡಿ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ಬೋಟ್ ಮಗುಚಿ 22 ಜನ ಸತ್ತರು, ಮಕ್ಕಳೇ ಹೆಚ್ಚು. ಹೊತ್ತು ಮುಳುಗಿದ ಮೇಲೆ, ಮಿತಿ ಮೀರಿ ಜನ ತುಂಬಿಸಿಕೊಂಡು ಹೋಗಿದ್ದ ಬೋಟ್ ಅದು. 2009ರಲ್ಲಿ ತೇಕ್ಕಡಿಯಲ್ಲಿ 45 ಜನ ಹೋದರು. ಹತ್ತೋ ಮುಂಚೆ ಬೋಟಿನ ನೋಂದಣಿ ನಂಬರ್, ಎಷ್ಟು ಜನರಿಗೆ ಪರವಾನಗಿ ಅನ್ನೋದು ನೋಡಿ. ಜಾಕೆಟ್ ಕೈಗೆ ಸಿಗೋ ಜಾಗದಲ್ಲಿ ಇದೆಯಾ, ನಿಮ್ಮ ತಾಯಿಗೆ ಒಂದ್ಸಲ ಹಾಕಿ ನೋಡಿ. ಇದಕ್ಕೆ ಸಂಕೋಚ ಬೇಡ.

ಕಾಗದದ ವಿಚಾರಕ್ಕೆ ಬಂದ್ರೆ, "ಟಾಯ್ ಟ್ರೈನ್ ಸವಾರಿ" ಅನ್ನೋ ಮೂರು ಪದದ ಮೇಲೆ ಯಾವ ದಾವೆಯೂ ಗಟ್ಟಿಯಾಗಿ ನಿಲ್ಲಲ್ಲ. ಅದೇ "ಮೆಟ್ಟುಪಾಳ್ಯದಿಂದ ಊಟಿವರೆಗೆ, ಮೊದಲ ದರ್ಜೆ" ಅಂತ ಬರೆದಿದ್ರೆ ನಿಲ್ಲುತ್ತೆ. ವಾಟ್ಸಾಪ್‌ನಲ್ಲಿ ಕೇಳಿ ವಾಟ್ಸಾಪ್‌ನಲ್ಲೇ ಉತ್ತರ ತಗೊಳ್ಳಿ, ಅದೂ ದಾಖಲೆ. ರೈಲು ರದ್ದಾದ್ರೆ ರೈಲ್ವೆ ಟಿಕೆಟ್ ದುಡ್ಡು ವಾಪಸ್ ಕೊಡುತ್ತೆ, ಅದು ಬುಕ್ ಮಾಡಿದವರ ಖಾತೆಗೆ ಹೋಗುತ್ತೆ. ಅಂದ್ರೆ ಕಂಪನಿ ಖಾತೆಗೆ. ನಿಮಗೆ ಎಷ್ಟು, ಯಾವಾಗ ಕೊಡ್ತಾರೆ ಅನ್ನೋದು ಮೊದಲೇ ಬರಹದಲ್ಲಿ ಇರಲಿ. ರಸೀದಿಯಲ್ಲಿ ಜಿಎಸ್‌ಟಿ ಸೇರಿದೆಯಾ ಇಲ್ವಾ ನೋಡಿ.

ತಕರಾರು ಆದ್ರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದಮೇಲೆ ಕಂಪನಿ ಯಾವ ಊರಲ್ಲಿ ಇದ್ರೂ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ನಿಟ್ಟುವಳ್ಳಿಯವರೇ, ನಿಮ್ಮ ಪ್ರವಾಸದ ತಾರೀಕು ಒಮ್ಮೆ ನೋಡ್ಕೊಳ್ಳಿ.

ಬರ್ಗನ್‌ನಿಂದ ಎಂಸಿಸಿ ಬ್ಲಾಕ್ ಹುಡುಗಿ

ದಾವಣಗೆರೆಯವಳೇ, ಈಗ ನಾರ್ವೆಯಲ್ಲಿ ಓದ್ತಿದ್ದೀನಿ. ಅಪ್ಪ ಅಮ್ಮ ಬಂದಾಗ ಇಲ್ಲಿನ ರೈಲು ಮತ್ತು ದೋಣಿ ಪ್ಯಾಕೇಜ್ ಮಾಡಿಸಿದ್ದೆ. ಬೆಳಿಗ್ಗೆ ಬರ್ಗನ್‌ನಿಂದ ವೋಸ್‌ವರೆಗೆ ರೈಲು, ಅಲ್ಲಿಂದ ಬಸ್ಸು, ಗುಡ್‌ವಾಂಗನ್‌ನಿಂದ ನೇರೊಯ್ ಫಿಯೋರ್ಡ್‌ನಲ್ಲಿ (ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರ) ದೋಣಿ, ಫ್ಲೋಮ್‌ನಲ್ಲಿ ಇಳಿದು ಬೆಟ್ಟದ ರೈಲು, ಮಿರ್ದಾಲ್‌ನಲ್ಲಿ ಬದಲಿಸಿ ರಾತ್ರಿಗೆ ವಾಪಸ್ ಬರ್ಗನ್.

ಇಲ್ಲಿ ಗೈಡ್ ಬರಲ್ಲ. ಯಾವ ರೈಲು, ಎಷ್ಟು ಗಂಟೆಗೆ, ಯಾವ ದೋಣಿ, ಎಲ್ಲ ಒಂದು ಹಾಳೆಯಲ್ಲಿ ನಿಮಿಷದ ಲೆಕ್ಕದಲ್ಲಿ ಕಳಿಸ್ತಾರೆ. ನಿಮ್ಮ ಪಾಡಿಗೆ ನೀವು ಹತ್ತಿ ಇಳೀಬೇಕು. ಬೇಕಿದ್ರೆ ಅದೇ ಟಿಕೆಟ್‌ಗಳನ್ನ ಬಿಡಿಬಿಡಿಯಾಗಿ ನಾವೇ ತಗೋಬಹುದು. ಅಮ್ಮನಿಗೆ ಮೊದಲು ಗಾಬರಿ, "ಕರ್ಕೊಂಡು ಹೋಗೋರು ಯಾರೂ ಇಲ್ವಾ?" ಅಂತ. ಆದ್ರೆ ಹಾಳೆಯಲ್ಲಿ ಇದ್ದದ್ದೆಲ್ಲ ಇದ್ದ ಹಾಗೇ ಸಿಕ್ತು. ಆಂಟಿ, ನಿಮ್ಮ ಟ್ರಾವೆಲ್ಸ್‌ನವರ ಹತ್ತಿರ ಅಂಥ ಹಾಳೆ ಕೇಳಿ ನೋಡಿ.

ಫ್ಲೋಮ್ ರೈಲು ಬರೀ 20 ಕಿಲೋಮೀಟರ್, 20 ಸುರಂಗ, ಸಮುದ್ರ ಮಟ್ಟದಿಂದ 866 ಮೀಟರ್ ಮೇಲಕ್ಕೆ. ನಡುವೆ ಒಂದು ಜಲಪಾತದ ಮುಂದೆ ನಿಲ್ಲಿಸ್ತಾರೆ. ಬೇಸಿಗೆಯಲ್ಲಿ ಬಂಡೆ ಮೇಲೆ ಕೆಂಪು ಬಟ್ಟೆಯ ಹೆಂಗಸು ಹಾಡಿಗೆ ಕುಣೀತಾಳೆ, ಅವರ ಕತೆಗಳಲ್ಲಿ ಬರೋ ಕಾಡಿನ ಮೋಹಿನಿ ಅಂತೆ. ಅಪ್ಪ ಅವಳನ್ನ ನೋಡೋದು ಬಿಟ್ಟು "ನೀರಿನ ಸದ್ದು ಜೋಗದ್ದೇ" ಅಂತ ಕಣ್ಣು ಮುಚ್ಚಿ ನಿಂತಿದ್ರು.

ಜಾಜೂರು ಜಂಕ್ಷನ್ (ನಿವೃತ್ತ ಗಾರ್ಡ್)

ಮಗಳೇ, ಫ್ಲೋಮ್‌ನಲ್ಲಿ ಹಲ್ಲುಪಟ್ಟಿ ಇಲ್ಲದೇ ಹದಿನೆಂಟಕ್ಕೆ ಒಂದು ಏರು ಹತ್ತುತ್ತೆ ಅಂತ ಓದಿದ್ದೆ. ನಿಮ್ಮ ತಂದೆ ಕೂತು ಬಂದ್ರಲ್ಲ, ಸಂತೋಷ ಆಯ್ತು. ಇನ್ನೊಂದು ಗೊತ್ತಾ? ನೀವು ದೋಣಿಯಲ್ಲಿ ಹೋದ ಆ ಫಿಯೋರ್ಡ್, ನಮ್ಮ ನೀಲಗಿರಿ ರೈಲು, ಎರಡೂ ಯುನೆಸ್ಕೋ ಪಟ್ಟಿ ಸೇರಿದ್ದು ಒಂದೇ ವರ್ಷ, 2005ರಲ್ಲಿ.

ದೂರ ಬೇಡ ಅನ್ನೋರಿಗೆ ಹತ್ತಿರದ್ದೂ ಹೇಳ್ತೀನಿ. ಕೊಂಕಣ ರೈಲಿನಲ್ಲಿ ಹೊನ್ನಾವರದ ಹತ್ತಿರ ಶರಾವತಿ ಸೇತುವೆ ಎರಡು ಕಿಲೋಮೀಟರ್‌ಗೂ ಉದ್ದ, ಆ ಮಾರ್ಗದಲ್ಲೇ ಅತಿ ಉದ್ದದ್ದು. ಮೇಲೆ ರೈಲಿನಲ್ಲಿ ದಾಟಿ, ಇಳಿದು ಅದೇ ಹೊಳೆಯಲ್ಲಿ ದೋಣಿ ಹತ್ತಬಹುದು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ. ಆದ್ರೆ ಹಗಲು ಗಾಡಿಯಾ ಅಂತ ಕೇಳಿ. ರಾತ್ರಿ ಗಾಡಿಯಲ್ಲಿ ಮಲಗಿಸಿಕೊಂಡು ದಾಟಿಸಿ "ಘಾಟಿ ನೋಡಿದ್ರಿ" ಅನ್ನೋರೂ ಇದ್ದಾರೆ.

ಕೋಟೆ ಬುಡದ ಮನೆ (ಚಿತ್ರದುರ್ಗ)

ಸಿಗಂದೂರು ಲಾಂಚ್ ಬಿಟ್ರಲ್ಲ ಸರ್! ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಶುರುವಾದಮೇಲೆ ಊರಿನವರಿಗೆ ಒಳ್ಳೇದಾಯ್ತು. ಆದ್ರೂ ಲಾಂಚ್‌ನಲ್ಲಿ ಬಸ್ಸು, ಬೈಕು, ಎತ್ತು ಎಲ್ಲ ಒಟ್ಟಿಗೆ ಹೊಳೆ ದಾಟಿದ್ದು ನಾನು ಮರೆಯಲ್ಲ.

ವಿದ್ಯಾನಗರದ ಟೀಚರ್

ಇವತ್ತು ಟ್ರಾವೆಲ್ಸ್ ಆಫೀಸಿಗೆ ಹೋಗಿದ್ದೆ. ನೀವೆಲ್ಲ ಬರೆದದ್ದನ್ನ ನೋಟ್‌ಬುಕ್ಕಿನಲ್ಲಿ ಬರ್ಕೊಂಡು ಹೋದೆ. ಕೂತಿದ್ದ ಹುಡುಗ ನನ್ನ ಹಳೇ ವಿದ್ಯಾರ್ಥಿ, ಪಾಪ ಎದ್ದು ನಿಂತ. "ಟೀಚರ್, ಎಲ್ಲರೂ ಊಟಿ ಅಂತಾರೆ, ಯಾವ ಸ್ಟೇಷನ್ ಅಂತ ಇಲ್ಲೀವರೆಗೆ ಯಾರೂ ಕೇಳಿಲ್ಲ" ಅಂದ. ಮಾಲೀಕರು ಮೊದಲು ಸ್ವಲ್ಪ ಬಿಗುಮಾನದಲ್ಲೇ ಇದ್ರು, ಆಮೇಲೆ ಕೂತು ಮಾತಾಡಿದ್ರು.

ಮೈಸೂರು ಬಿಟ್ವಿ. ದಾವಣಗೆರೆಯಿಂದ ಬೆಂಗಳೂರು, ಅಲ್ಲಿಂದ ಕೊಯಮತ್ತೂರು ರೈಲು. ಮೆಟ್ಟುಪಾಳ್ಯದಲ್ಲಿ ಒಂದು ರಾತ್ರಿ. ಊಟಿಯಲ್ಲಿ ಎರಡು. ಆಮೇಲೆ ಕೆಳಗಿಳಿದು ರೈಲಿನಲ್ಲಿ ಎರ್ನಾಕುಲಂ, ಅಲ್ಲಿ ಮಲಗಿ ಬೆಳಿಗ್ಗೆ ಆಲೆಪ್ಪಿ. ಹೊರಗಿನ ವ್ಯಾನ್ ನೀಲಗಿರಿಗೆ ಹೋಗೋಕೆ ಬೇಕಾದ ಇ-ಪಾಸ್ ಅವರದೇ ಜವಾಬ್ದಾರಿ. ಒಟ್ಟು ಎಂಟು ದಿನ, ತಲೆಗೆ 3,000 ಜಾಸ್ತಿ ಆಯ್ತು. ಟಿಕೆಟ್ ಸಿಗದಿದ್ರೆ ತಾರೀಕು ಬದಲು, ರೈಲು ರದ್ದಾದ್ರೆ ಆ ದುಡ್ಡು ಹದಿನೈದು ದಿನದಲ್ಲಿ ವಾಪಸ್ ಅಂತ ಸಹಿ ಹಾಕಿ ಕೊಟ್ರು. ಬೋಟಿನ ಅಡುಗೆಗೆ ಬೇರೆ ಪಾತ್ರೆ ಅಂತಲೂ ಬರೆಸಿದೆ.

ಮಲೇಬೆನ್ನೂರು ಗದ್ದೆ

ಹೋಗಿ ಬಂದು ಬರೀಬೇಕ್ರಿ ಅಕ್ಕಾರ. ಆ ಮೋಟಾರ್ ನೋಡ್ಕೊಂಡು ಬರ್ರಿ.

ವಿದ್ಯಾನಗರದ ಟೀಚರ್

ಬಂದು ನಾಲ್ಕು ದಿನ ಆಯ್ತು, ಬಟ್ಟೆ ಒಗೆಯೋದು ಮುಗಿದು ಈಗ ಬರೀತಿದ್ದೀನಿ.

ನವೆಂಬರ್‌ನಲ್ಲಿ ಎಂಟಕ್ಕೆ ಸರಿಯಾಗಿ ಕೂತು ಬುಕ್ ಮಾಡಿದ್ರಂತೆ, ಎರಡು ಪಿಎನ್‌ಆರ್ ಅವತ್ತೇ ಕಳಿಸಿದ್ರು. ಮೆಟ್ಟುಪಾಳ್ಯದಲ್ಲಿ ಬೆಳಿಗ್ಗೆ ಆರೂಕಾಲಿಗೇ ಅವ್ವ ಸೀರೆ ಉಟ್ಟು ಕೂತಿದ್ದಳು. ಬೋಗಿಯೊಳಗೆ ಶೌಚಾಲಯ ಇಲ್ಲ, ವಯಸ್ಸಾದವರನ್ನ ಕರ್ಕೊಂಡು ಹೋಗೋರು ಇದನ್ನ ಗಮನಿಸಿ. ಸ್ಟೇಷನ್‌ನಲ್ಲಿ ನಿಂತಾಗಲೇ ಹೋಗಿ ಬರಬೇಕು.

ಎಂಜಿನ್ ಹಿಂದೆ ಇದ್ದದ್ದರಿಂದ ಕೂತ ಜಾಗದಿಂದ ಕಾಣ್ತಿರಲಿಲ್ಲ. ಕಲ್ಲಾರ್ ದಾಟಿ ಹಲ್ಲು ಕಚ್ಚಿಕೊಂಡಾಗ ಬೋಗಿಗೆ ಒಂದು ಸಣ್ಣ ಜಗ್ಗು ಬಂತು, ಆಮೇಲೆ ಗಾಡಿ ನಡಿಗೆಯೇ ಬದಲಾಯ್ತು. ಹಿಲ್‌ಗ್ರೋವ್‌ನಲ್ಲಿ ನೀರು ಕುಡಿಯೋಕೆ ನಿಂತಾಗ ನನ್ನ ತಮ್ಮ ಅವ್ವನ್ನ ಎತ್ತಿಕೊಂಡೇ ಪ್ಲಾಟ್‌ಫಾರ್ಮ್ ಉದ್ದಕ್ಕೂ ನಡೆದ. ಎಂಜಿನ್ ಪಕ್ಕ ನಿಲ್ಲಿಸಿದ್ವಿ. ಕಪ್ಪು ಎಣ್ಣೆ ಹನಿ ಹನಿಯಾಗಿ ಕಲ್ಲಿನ ಮೇಲೆ ಬೀಳ್ತಿತ್ತು, ಉಗಿ ಅವ್ವನ ಕನ್ನಡಕದ ಮೇಲೆ ಕೂತು ಗಾಜು ಮಬ್ಬಾಯ್ತು. ಅವಳು ಒರೆಸ್ಕೊಳ್ಳಲಿಲ್ಲ. ಕೂಗಿದಾಗ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಳು. "ನಮ್ಮೂರ ಗಾಡಿ ಇಷ್ಟು ಏದುಸಿರು ಬಿಡ್ತಿರಲಿಲ್ಲ, ಪಾಪ, ಇದಕ್ಕೆ ಏರು ಜಾಸ್ತಿ" ಅಂದಳು. ಮೆಲ್ಲಗೆ ಸೆರಗು ತಲೆ ಮೇಲೆ ಎಳ್ಕೊಂಡಳು, ಅಜ್ಜ ಮಾಡಿಸ್ತಿದ್ದ ಹಾಗೆ. ಗಾರ್ಡ್ ಸರ್, ನಿಮಗೆ ನಮಸ್ಕಾರ ಹೇಳೋಕೆ ಹೇಳಿದ್ದಾಳೆ.

ಬೋಟ್ ಹನ್ನೆರಡೂ ಹತ್ತಕ್ಕೆ ಸಿಕ್ತು. ಹತ್ತೋ ಹಲಗೆ ತೀರಾ ಕಿರಿದು, ಅದೊಂದು ಹೇಳಿರಲಿಲ್ಲ. ಬೋಟಿನ ಹುಡುಗರಿಬ್ಬರು ನೀರಿಗಿಳಿದು ನಿಂತು ಅವ್ವನ ಎರಡೂ ಕೈ ಹಿಡಿದು ದಾಟಿಸಿದ್ರು. ಜಾಕೆಟ್ ಬಾಗಿಲ ಪಕ್ಕ ಸಾಲಾಗಿ ನೇತುಹಾಕಿದ್ರು, ಒಂಬತ್ತೂ ಎಣಿಸಿ ಹಾಕಿ ನೋಡಿದ್ವಿ. ಅಡುಗೆಯವನು ಹೊಸ ಬಾಣಲೆ ತಂದಿದ್ದ, ಅದರ ಮೇಲಿನ ಅಂಗಡಿ ಚೀಟಿ ಇನ್ನೂ ಹರಿದಿರಲಿಲ್ಲ. ನಾವು ಹೊತ್ತೊಯ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅವನಿಗೂ ಕೊಟ್ವಿ. ಬೆಳಿಗ್ಗೆ ಬೋಟ್ ಇನ್ನೂ ಬಿಚ್ಚಿರಲಿಲ್ಲ, ಅವ್ವ ಮುಂದಿನ ತುದಿಯಲ್ಲಿ ಕೂತು ಪೂಜೆಗೆ ಅಂಗೈ ಚಾಚಿದ್ದಳು. ಪಕ್ಕದ ಬೋಟಿನ ಹುಡುಗ ರೇಡಿಯೋ ಸಣ್ಣ ಮಾಡಿದ.

ಮಲೇಬೆನ್ನೂರಣ್ಣ, ಮೋಟಾರ್ ನೋಡಿದ್ವಿ. ವಿಡಿಯೋ ಮಾಡಿದ್ದೀನಿ, ನಿಮ್ಮ ಜೊತೆಗಿದ್ದ ಹಿರಿಯರಿಗೂ ತೋರಿಸಿ.

ಟ್ರಾವೆಲ್ಸ್‌ನವರು ತಮ್ಮ ಹಾಳೆ ತಿದ್ದಿದ್ದಾರೆ. ಈಗ ಅದರಲ್ಲಿ "ಮೆಟ್ಟುಪಾಳ್ಯ–ಊಟಿ, ಕೂನೂರುವರೆಗೆ ಉಗಿ ಎಂಜಿನ್" ಅಂತ ಅಚ್ಚಾಗಿದೆ. ನಾನು ಸಹಿ ಹಾಕಿಸಿಕೊಂಡ ಪತ್ರದ ನಕಲು ಬೇಕಾದವರು ಹೇಳಿ, ಹೆಸರು, ಫೋನ್ ನಂಬರ್ ಮುಚ್ಚಿ ಇಲ್ಲೇ ಹಾಕ್ತೀನಿ.

ನಿಟ್ಟುವಳ್ಳಿಯವನು

ಹಾಕಿ ಮೇಡಂ. ಮಗನಿಗೆ ಈ ಸಲ ಹೊಗೆ ತೋರಿಸ್ಬೇಕು.